ಅಲಂಕಾರಕ್ಕೆ ಲ್ಯಾಟೆಕ್ಸ್ ಬಲೂನೋ, ಫಾಯಿಲ್ ಬಲೂನೋ?

ನಾಯಿಮರಿ, ಹೂವು ಅಂತ ಕೈಯಲ್ಲೇ ತಿರುಚಿ ಮಾಡುವ ಆಸೆಯಿದ್ದರೆ ಲ್ಯಾಟೆಕ್ಸೇ, ಅಂದರೆ ಮಾಮೂಲಿ ರಬ್ಬರ್ ಬಲೂನೇ ಬೇಕು. ಫಾಯಿಲ್, ಅಂದರೆ ಲೋಹದ ಲೇಪವಿರುವ ಹೊಳೆಯುವ ಪ್ಲಾಸ್ಟಿಕ್ ಬಲೂನು, ಹಾಗೆ ಹಿಗ್ಗುವುದಿಲ್ಲ. ಖರ್ಚೂ ಲ್ಯಾಟೆಕ್ಸಿಗೇ ಕಡಿಮೆ.

ಬಾಳಿಕೆಯ ಮಾತು ಬೇರೆ. ಲ್ಯಾಟೆಕ್ಸಿನ ಸೂಕ್ಷ್ಮ ರಂಧ್ರಗಳಿಂದ ಹೀಲಿಯಂ (ಬಲೂನನ್ನು ತೇಲಿಸುವ ಹಗುರ ಅನಿಲ) ಸೋರುತ್ತಲೇ ಇರುತ್ತದೆ. 11 ಇಂಚಿನದು ಸಾಮಾನ್ಯವಾಗಿ 12ರಿಂದ 24 ಗಂಟೆ ತೇಲುತ್ತದೆ, ಅಷ್ಟೆ. ಫಾಯಿಲ್ ಹಲವು ದಿನ ತೇಲುತ್ತದೆ. ಹಿಂದಿನ ದಿನವೇ ಸಿಂಗರಿಸಿಡುವವರಿಗೆ, ಹುಟ್ಟುಹಬ್ಬದ ಅಂಕಿ ಮೇಲೆ ತೇಲಬೇಕು ಎನ್ನುವವರಿಗೆ ಅದೇ ಸರಿ. ಅಲ್ಲ, ಗೋಡೆಗೆ ಕಮಾನು ಕಟ್ಟುವುದಕ್ಕೆ ಹೀಲಿಯಂ ಯಾಕೆ? ಪಂಪಿನಲ್ಲಿ ಬರೀ ಗಾಳಿ ತುಂಬಿದರೆ ಲ್ಯಾಟೆಕ್ಸೂ ಕೆಲವು ದಿನ ನಿಲ್ಲುತ್ತದೆ, ಬಿಸಿಲು ತಾಗಬಾರದು.

ಪುಟ್ಟ ಮಕ್ಕಳಿದ್ದರೆ ನಾನು ಫಾಯಿಲ್ ಕಡೆಗೆ ವಾಲುತ್ತೇನೆ: ಒಡೆದ ಲ್ಯಾಟೆಕ್ಸ್ ಚೂರು ಗಂಟಲಿಗೆ ಸಿಕ್ಕರೆ ಉಸಿರುಗಟ್ಟುತ್ತದೆ. ಬಯಲಲ್ಲಾದರೆ ಫಾಯಿಲಿಗೆ ಭಾರ ಕಟ್ಟಿ. ಹಾರಿಹೋಗಿ ವಿದ್ಯುತ್ ತಂತಿಗೆ ತಗುಲಿದರೆ ಶಾರ್ಟ್ ಸರ್ಕ್ಯೂಟ್ ಆಗಬಹುದು.