ಕಲಬುರಗಿಯಲ್ಲಿ ಸೆಕೆಂಡ್ ಹ್ಯಾಂಡ್ ಹೊಲಿಗೆ ಮಷಿನ್: ಬಣ್ಣ ನೋಡಬೇಡಿ, ಚಕ್ರ ಅಲುಗಿಸಿ ನೋಡಿ

ಮನೆಯಲ್ಲಿ ಬ್ಲೌಸು, ಲಂಗ, ಮಕ್ಕಳ ಯೂನಿಫಾರ್ಮ್ ಹೊಲಿಯುವವರಿಗೆ ಹಳೆಯ ಕಪ್ಪು ಹೆಡ್‌ನ ಕಾಲು ಮಷಿನ್ ಈಗಲೂ ಛಲೋ ಖರೀದಿ. ಉಷಾ, ಸಿಂಗರ್, ಮೆರಿಟ್ ಯಾವುದಾದರೂ ಆದೀತು. ಷರತ್ತು ಒಂದೇ, ಒಳಗಿನ ಶಾಫ್ಟ್ (ಚಕ್ರದ ಜೊತೆ ತಿರುಗುವ ಕಂಬಿ) ಮತ್ತು ಬುಷ್ (ಶಾಫ್ಟ್ ಕೂತು ತಿರುಗುವ ಲೋಹದ ಬಳೆ) ಸವೆದಿರಬಾರದು. ಉಳಿದ ಸಾಮಾನು, ಅಂದರೆ ಪಟ್ಟಾ, ಬಾಬಿನ್ ಕೇಸ್, ಶಟಲ್ (ಕೆಳಗೆ ಸೂಜಿಯ ದಾರ ಹಿಡಿಯುವ ಕೊಕ್ಕೆ), ಬಟ್ಟೆ ತಳ್ಳುವ ಹಲ್ಲು, ದಾರದ ಬಿಗಿ ಹಿಡಿಯುವ ಟೆನ್ಶನ್ ಸ್ಪ್ರಿಂಗ್, ಹಲಗೆ, ಎಲ್ಲ ಬಿಡಿಯಾಗಿ ಸಿಗುತ್ತದೆ. ಈ ಮಷಿನ್‌ಗಳಲ್ಲಿ ಹೆಚ್ಚಿನವು ಸಿಂಗರ್‌ನ 15ನೇ ಕ್ಲಾಸ್ ಮಾದರಿಯ ಅಚ್ಚಿನವೇ. ಅದಕ್ಕೇ ಲುಧಿಯಾನದಲ್ಲಿ ತಯಾರಾದ ಬಾಬಿನ್ ಕೇಸ್ ಮೂವತ್ತು ವರ್ಷದ ಹಿಂದಿನ ಉಷಾಕ್ಕೂ ಕೂಡುತ್ತದೆ. ಹೆಡ್‌ನ ಬುಷ್ ಹೋದರೆ ಮಾತ್ರ ಹಾಗೆ ಸುಲಭವಿಲ್ಲ. ಹೊಸದನ್ನು ಒತ್ತಿ ಕೂಡಿಸಿ ಶಾಫ್ಟ್ ನೇರ ತರಬಲ್ಲ ಮಿಸ್ತ್ರಿ ಎಲ್ಲ ಕಡೆ ಇರುವುದಿಲ್ಲ. ಇದ್ದರೂ ಆ ಖರ್ಚು ಮಷಿನ್ ಕೊಂಡ ಬೆಲೆಯನ್ನೇ ಮುಟ್ಟಬಹುದು.

ಮಾರಾಟಕ್ಕಿಟ್ಟ ಹಳೇ ಮಷಿನ್ ಬಹುತೇಕ ಹೊಸ ಕಪ್ಪು ಬಣ್ಣ ಬಳಿದುಕೊಂಡೇ ನಿಂತಿರುತ್ತದೆ. ಬಣ್ಣ ಹಚ್ಚಿದ್ದು ತಪ್ಪಲ್ಲ, ಹೇಗೆ ಹಚ್ಚಿದ್ದಾರೆ ಅನ್ನುವುದರಲ್ಲೇ ಎಲ್ಲ ಗೊತ್ತಾಗುತ್ತದೆ. ಮೊಬೈಲ್ ಟಾರ್ಚ್ ಹಾಕಿ ಹೆಡ್‌ನ ಮೇಲಿರುವ ಎಣ್ಣೆ ತೂತುಗಳನ್ನು ಒಂದೊಂದಾಗಿ ನೋಡಿ. ತೂತಿನ ಅಂಚು ಸ್ವಚ್ಛವಾಗಿದ್ದು ಒಳಗೆ ಎಣ್ಣೆಯ ಹೊಳಪು ಕಂಡರೆ ಬಿಚ್ಚಿ ತೊಳೆದ ಮಷಿನ್. ತೂತಿನ ಬಾಯಿಗೆ ಬಣ್ಣದ ಪೊರೆ ಕಟ್ಟಿದ್ದರೆ, ಸ್ಕ್ರೂ ತಲೆಯ ಗೀರಿನಲ್ಲೂ ಬಣ್ಣ ತುಂಬಿದ್ದರೆ, ಒಳಗೆ ಯಾರೂ ಕೈ ಹಾಕಿಲ್ಲ, ಮೇಲಿನಿಂದ ಸ್ಪ್ರೇ ಹೊಡೆದಿದ್ದಾರೆ ಅಷ್ಟೆ. ಸ್ಕ್ರೂ ಗೀರುಗಳೆಲ್ಲ ಕಿತ್ತುಹೋಗಿದ್ದರೆ ಬಹಳ ಸಲ ಬಿಚ್ಚಿದ ಮಷಿನ್ ಅಂತ ತಿಳಿಯಿರಿ. ಹೆಸರಿನ ಸ್ಟಿಕ್ಕರ್ ನಂಬಬೇಡಿ. ಸಿಂಗರ್ ಆದರೆ ತಳದ ಬಲಗಡೆ ಕೊರೆದ ಸೀರಿಯಲ್ ನಂಬರ್ ಇರುತ್ತದೆ. ‘ಫಾರಿನ್ ಸಿಂಗರ್, ಬರೀ ಹದಿನೈದು ವರ್ಷದ್ದು’ ಅಂತ ಯಾರಾದರೂ ಹೇಳಿದರೆ ಇಷ್ಟು ನೆನಪಿರಲಿ: ಅದೇ 15ನೇ ಕ್ಲಾಸಿನ ಫಾರಿನ್ ಸಿಂಗರ್ ಆದ 15ಕೆ ಮಷಿನ್ ಬಂದದ್ದು ಸ್ಕಾಟ್‌ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಿಂದ, ಆ ಕಾರ್ಖಾನೆ 1980ರಲ್ಲೇ ಮುಚ್ಚಿತು.

ಇನ್ನು ಮುಖ್ಯ ಪರೀಕ್ಷೆ. ಪಟ್ಟಾ ಕಳಚಿಸಿ, ದಾರ ತೆಗೆಸಿ, ಹೆಡ್‌ನ ಚಕ್ರವನ್ನು ಎರಡು ಬೆರಳಿನಿಂದ ನಿಮ್ಮ ಕಡೆಗೆ ನಿಧಾನ ತಿರುಗಿಸಿ. ಒಂದು ಸುತ್ತಿನ ಉದ್ದಕ್ಕೂ ಒಂದೇ ಹಗುರ ಇರಬೇಕು. ಪ್ರತಿ ಸುತ್ತಿನಲ್ಲೂ ಅದೇ ಜಾಗದಲ್ಲಿ ಬಿಗಿ ಬಂದರೆ ಶಾಫ್ಟ್ ಬಾಗಿರಬಹುದು, ಇಲ್ಲವೆ ಶಟಲ್ ಒಳಗೆ ದಾರ ಸಿಕ್ಕಿರಬಹುದು. ದಾರ ತೆಗೆದರೆ ಹೋಗುತ್ತದೆ, ಬಾಗಿದ್ದು ಹೋಗುವುದಿಲ್ಲ. ಎಲ್ಲ ಕಡೆ ಒಂದೇ ಸಮ ಬಿಗಿ ಇದ್ದರೆ ಹೆದರಬೇಕಿಲ್ಲ, ಹಳೇ ಎಣ್ಣೆ ಅಂಟುಗಟ್ಟಿದೆ. ಆಮೇಲೆ ಚಕ್ರವನ್ನು ಗಟ್ಟಿಯಾಗಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕಟ್ ಕಟ್ ಅಂತ ಕೈಗೆ ಬಡಿದರೆ ಬುಷ್ ಸವೆದಿದೆ, ಅಲ್ಲಿಗೆ ಮಾತು ಮುಗಿಸಿ. ಬಲಕ್ಕೂ ಎಡಕ್ಕೂ ಎಳೆದಾಗ ಕೂದಲೆಳೆಯಷ್ಟು ಆಟ ಇದ್ದರೆ ಹೊಂದಿಸಬಹುದು. ಸೂಜಿ ಕಂಬವನ್ನೂ ಕೆಳಗಿಳಿಸಿ ಹಿಡಿದು ಹಿಂದೆ ಮುಂದೆ ಆಡಿಸಿ. ಅದು ಆಡಿದರೆ ಸೂಜಿ ಒಮ್ಮೆ ಶಟಲ್ ಮೂತಿಗೆ ತಾಗುತ್ತದೆ, ಒಮ್ಮೆ ದೂರ ಸರಿಯುತ್ತದೆ. ವಾಯಿಲ್ ಬಟ್ಟೆಯಲ್ಲಿ ಹೊಲಿಗೆ ಬಿಡುವುದಕ್ಕೆ ಇದೂ ಒಂದು ಕಾರಣ. ‘ಒಂದ್ ಹನಿ ಎಣ್ಣಿ ಬಿಟ್ರ ಸರಿ ಆಗ್ತದ ರೀ’ ಅನ್ನುವ ಮಾತು ಅಂಟಿಗೆ ನಿಜ, ಸವೆತಕ್ಕೆ ಅಲ್ಲ. ದಪ್ಪ ಎಣ್ಣೆ ಬಿಟ್ಟರೆ ಸದ್ದು ನಾಲ್ಕು ದಿನ ಅಡಗುತ್ತದೆ, ಅಷ್ಟೇ.

ಎಡಗಡೆಯ ಪ್ಲೇಟ್ ಸರಿಸಿ ಬಾಬಿನ್ ಕೇಸ್ ಹೊರಗೆ ತೆಗೆಯಿರಿ. ಶಟಲ್ ಮೂತಿಯ ಮೇಲೆ ಉಗುರು ಎಳೆದು ನೋಡಿ. ಉಗುರು ತಡೆದರೆ ಅಲ್ಲಿ ಸೂಜಿ ಮುರಿದು ಹೊಡೆದ ಗುರುತಿದೆ, ದಾರ ಅದಕ್ಕೇ ಸಿಕ್ಕಿ ಹರಿಯುತ್ತದೆ. ಸಣ್ಣದಾದರೆ ಸೊನ್ನೆ ನಂಬರ್ ಪಾಲಿಶ್ ಪೇಪರ್‌ನಿಂದ ತಿಕ್ಕಿದರೆ ಸಾಕು, ಮೂತಿಯೇ ಮೊಂಡಾಗಿದ್ದರೆ ಶಟಲ್ ಬದಲಿಸಬೇಕು. ಸೂಜಿ ಪೂರಾ ಕೆಳಗಿಳಿದು ಸುಮಾರು 2 ಮಿಲಿಮೀಟರ್ ಮೇಲೆದ್ದಾಗ ಶಟಲ್ ಮೂತಿ ಸೂಜಿಗಣ್ಣಿಗಿಂತ ತುಸು ಮೇಲೆ ಹಾಯಬೇಕು. ಅದು ತಪ್ಪಿದ್ದರೆ ಟೈಮಿಂಗ್ ಹೋಗಿದೆ. ಅನೇಕ ಸಲ ಸೂಜಿ ಪೂರ್ತಿ ಮೇಲಕ್ಕೆ ಕೂತಿರುವುದಿಲ್ಲ, ಮೊದಲು ಹೊಸ ಸೂಜಿ ಹಾಕಿಸಿಯೇ ತೀರ್ಮಾನ ಮಾಡಿ.

ಹೊಲಿದು ನೋಡಲು ಅಂಗಡಿಯವರು ಕೊಡುವ ಗಂಜಿ ಹಾಕಿದ ಬಟ್ಟೆ ಬೇಡ. ಅದರ ಮೇಲೆ ಎಂಥ ಮಷಿನ್ ಕೂಡ ಚೆಂದ ಹೊಲಿಯುತ್ತದೆ. ಮನೆಯಿಂದ ಮೂರು ತುಂಡು ಒಯ್ಯಿರಿ: ಬ್ಲೌಸಿನ ಕಾಟನ್ ಎರಡು ಪದರ, ತೆಳು ವಾಯಿಲ್, ನಾಲ್ಕು ಪದರ ಮಡಚಿದ ಜೀನ್ಸ್. ವಾಯಿಲ್‌ಗೆ 11 ನಂಬರ್ ಸೂಜಿ, ಕಾಟನ್‌ಗೆ 14 ಅಥವಾ 16, ಜೀನ್ಸ್‌ಗೆ 18. ಮೇಲೆ ಕೆಂಪು ದಾರ, ಬಾಬಿನ್‌ನಲ್ಲಿ ಬಿಳಿ ದಾರ ಹಾಕಿಸಿ. ಮೇಲ್ಮೈಯಲ್ಲಿ ಬಿಳಿ ಚುಕ್ಕಿ ಕಂಡರೆ ಮೇಲಿನ ಟೆನ್ಶನ್ ಹೆಚ್ಚು, ಇಲ್ಲವೆ ಬಾಬಿನ್ ಸಡಿಲ. ಕೆಳಗೆ ಕೆಂಪು ದಾರ ಗುಪ್ಪೆಯಾದರೆ ಬಹಳ ಜನ ಬಾಬಿನ್ ಕೇಸನ್ನು ಬೈಯುತ್ತಾರೆ. ತಪ್ಪು ಇರುವುದು ಮೇಲೆ: ದಾರ ಟೆನ್ಶನ್ ಬಿಲ್ಲೆಗಳ ನಡುವೆ ಕೂತಿಲ್ಲ, ಅಥವಾ ಬಿಲ್ಲೆಯಲ್ಲಿ ಕಸ ಸೇರಿದೆ. ಬಾಬಿನ್ ಕೇಸನ್ನು ದಾರದಿಂದ ತೂಗಿಬಿಟ್ಟರೆ ತಾನಾಗಿ ಜಾರಬಾರದು, ಕೈ ತುಸು ಜಗ್ಗಿದರೆ ಎರಡು ಇಂಚು ಇಳಿದು ನಿಲ್ಲಬೇಕು.

ಒಂದು ಅಡಿ ಉದ್ದ ಬಟ್ಟೆಯನ್ನು ಕೈಯಿಂದ ಎಳೆಯದೆ ಓಡಲು ಬಿಡಿ. ಒಂದೇ ಕಡೆ ವಾಲಿದರೆ ಹಲ್ಲು ಒಂದು ಬದಿ ಸವೆದಿದೆ ಅಥವಾ ಬಟ್ಟೆ ಒತ್ತಿ ಹಿಡಿಯುವ ಪಾದ ಡೊಂಕಾಗಿದೆ. ಆಮೇಲೆ ಟೇಪ್ ಇಟ್ಟು ಆರಂಭದ ಹತ್ತು ಹೊಲಿಗೆ, ಕೊನೆಯ ಹತ್ತು ಹೊಲಿಗೆ ಅಳೆಯಿರಿ. ಕೊನೆಯವು ಗಿಡ್ಡವಾಗಿದ್ದರೆ ಹೊಲಿಗೆಯ ಉದ್ದ ಹೊಂದಿಸುವ ಕಡ್ಡಿ ತಾನಾಗಿಯೇ ಜಾರುತ್ತಿದೆ. ಈ ದೋಷ ಅಂಗಡಿಯಲ್ಲಿ ಯಾರಿಗೂ ಕಾಣುವುದಿಲ್ಲ, ಮನೆಯಲ್ಲಿ ಉದ್ದನೆಯ ಲಂಗ ಹೊಲಿದಾಗ ಕಾಣುತ್ತದೆ.

ಸ್ಟ್ಯಾಂಡ್ ಬೀಡಿನದು, ಅಂದರೆ ಎರಕದ ಕಬ್ಬಿಣದ್ದು. ಕಾಲು, ಪೆಡಲ್‌ಗಳಲ್ಲಿ ವೆಲ್ಡಿಂಗ್ ಗಂಟು ಇದ್ದರೆ ಬೇಡ, ಬೀಡಿನ ಬೆಸುಗೆ ಮತ್ತೆ ಬಿಡುತ್ತದೆ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಪರಸಿ ಹಾಸಿರುತ್ತದೆ, ನಾಲ್ಕೂ ಕಾಲು ಸಮ ಕೂಡುವುದೇ ಕಷ್ಟ. ಆದ್ದರಿಂದ ಅಲುಗಾಟ ನೆಲದ್ದೋ ಸ್ಟ್ಯಾಂಡಿನದೋ ಎಂದು ಜಾಗ ಬದಲಿಸಿ ನೋಡಿ. ಪಟ್ಟಾ ಅತಿ ಬಿಗಿ ಇದ್ದರೂ ಕಾಲಿಗೆ ಭಾರವಾಗುತ್ತದೆ, ಜಾರದಷ್ಟು ಇದ್ದರೆ ಸಾಕು.

ಮೋಟರ್ ಜೋಡಿಸಿದ್ದನ್ನು ಕೊಳ್ಳುವುದಾದರೆ ಹತ್ತು ನಿಮಿಷ ಓಡಿಸಿ ಮೈ ಮುಟ್ಟಿ ನೋಡಿ, ಸುಟ್ಟ ವಾಸನೆ ಬಂದರೆ ಬಿಡಿ. ದಿನವಿಡೀ ಗಿರಾಕಿ ಬಟ್ಟೆ ಹೊಲಿಯುವವರಿಗೆ ಅಂಬ್ರೆಲಾ ಮಷಿನ್ (ಟೈಲರ್ ಅಂಗಡಿಗಳ ಭಾರಿ ಮಷಿನ್) ಮೇಲು. ಪಿಕೋ ಮಾಡಬೇಕೆಂದರೆ ಈ ಯಾವುದರಿಂದಲೂ ಆಗದು, ಅದಕ್ಕೆ ಜಿಗ್‌ಜಾಗ್ ಬೇಕು.

ಬೆಲೆಗೆ ನಮ್ಮ ಲೆಕ್ಕ ಹೀಗಿದೆ. ಅದೇ ಮಾದರಿಯ ಹೊಸ ಮಷಿನ್ ಸ್ಟ್ಯಾಂಡ್ ಸಮೇತ ಎಷ್ಟು ಎಂದು ಮೊದಲು ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿನ ಕಡೆ ವಿಚಾರಿಸಿ. ಎಲ್ಲ ಪರೀಕ್ಷೆ ದಾಟಿದ ಹಳೆಯದಕ್ಕೆ ಅದರ ಅರ್ಧ ಕೊಡಬಹುದು. ಶಟಲ್, ಹಲ್ಲು, ಹಲಗೆ ಬದಲಿಸಬೇಕಿದ್ದರೆ ಮೂರನೇ ಒಂದು ಭಾಗ. ಟೈಲರಿಂಗ್ ಕಸುಬಿನವರು ಪಿಎಂ ವಿಶ್ವಕರ್ಮ ಯೋಜನೆಯನ್ನೂ ವಿಚಾರಿಸಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಇದರ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಇ-ವೋಚರ್ ಉಂಟು.

ಆಳಂದ, ಜೇವರ್ಗಿ, ಸೇಡಂ ಕಡೆಗೆ ಟಂಟಂನಲ್ಲಿ ಒಯ್ಯುವಾಗ ಹೆಡ್ ಸ್ಟ್ಯಾಂಡ್ ಮೇಲೆ ಇರಬಾರದು. ಹಲಗೆಯ ಹಿಂದಿನ ಎರಡು ಕೀಲಿನ ಸ್ಕ್ರೂ ಸಡಿಲಿಸಿದರೆ ಹೆಡ್ ಬರುತ್ತದೆ, ಗೋಣಿ ಸುತ್ತಿ ಬೇರೆ ಇಡಿ. ಚಕ್ರ ಹಿಡಿದು ಎತ್ತಬೇಡಿ.

ಮನೆಗೆ ಬಂದ ದಿನ ಎಲ್ಲ ತೂತಿಗೂ ಎರಡೆರಡು ಹನಿ ಚಿಮಣಿ ಎಣ್ಣೆ (ಸೀಮೆಎಣ್ಣೆ) ಬಿಟ್ಟು ಐದು ನಿಮಿಷ ಖಾಲಿ ತುಳಿಯಿರಿ. ಕಪ್ಪು ನೀರು ಇಳಿಯುತ್ತದೆ, ಒರೆಸಿ. ರಾತ್ರಿ ಹಾಗೇ ಬಿಟ್ಟು ಮರುದಿನ ಮಷಿನ್ ಎಣ್ಣೆ ಹಾಕಿ. ಅಡುಗೆಮನೆಯ ಕುಸುಬಿ ಎಣ್ಣೆ, ಕೊಬ್ಬರಿ ಎಣ್ಣೆ ಖಂಡಿತ ಬೇಡ. ಕುಸುಬಿ ಎಣ್ಣೆ ಒಣಗಿದರೆ ವಾರ್ನಿಶ್‌ನಂತೆ ಗಟ್ಟಿಯಾಗಿ ಶಾಫ್ಟನ್ನೇ ಹಿಡಿಯುತ್ತದೆ. ಮೂರ್ನಾಲ್ಕು ದಿನದಲ್ಲಿ ಮಷಿನ್ ಮತ್ತೆ ಬಿಗಿಯಾದರೆ ಸಡಿಲಾದ ಹಳೇ ಅಂಟು ಬೇರೆ ಕಡೆ ಸೇರಿದೆ ಅಂತ ಅರ್ಥ. ಇದನ್ನೇ ಇನ್ನೊಮ್ಮೆ ಮಾಡಿ.