ಕೂಲೆಂಟ್ ಪ್ರೆಶರ್ ಟೆಸ್ಟರ್: ಹಳೆಯ ಸ್ಪೋರ್ಟ್ಸ್ ಕಾರಿನ ಮೇಲೆ ಕೆಲವು ವರ್ಷ ಬಳಸಿದ ನಂತರ

ಎಂಜಿನ್ನನ್ನು ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಸೋರುತ್ತಿದೆಯೇ ಎಂದು ಒತ್ತಡ ತುಂಬಿ ನೋಡುವ ಕೂಲೆಂಟ್ ಪ್ರೆಶರ್ ಟೆಸ್ಟರ್ ಕೊಳ್ಳುವವರು ಮೊದಲು ತಿಳಿಯಬೇಕಾದದ್ದೆಂದರೆ, ಅದು ಸೋರಿಕೆಯ ಜಾಗವನ್ನು ತೋರಿಸುವುದಿಲ್ಲ. ಸೋರಿಕೆ ಇದೆಯೋ ಇಲ್ಲವೋ ಎಂಬುದನ್ನಷ್ಟೇ ಹೇಳುತ್ತದೆ, ಅದೂ ಕೆಲವು ಷರತ್ತುಗಳ ಮೇಲೆ. ಒಂದು ಕೈಪಂಪು, ಒಂದು ಗೇಜು, ಗಿಡ್ಡ ರಬ್ಬರ್ ಪೈಪು ಮತ್ತು ಬೇರೆ ಬೇರೆ ಕಾರುಗಳಿಗೆ ಹೊಂದುವ ಮುಚ್ಚಳಗಳು (ಅಡಾಪ್ಟರುಗಳು) ಪ್ಲಾಸ್ಟಿಕ್ ಪೆಟ್ಟಿಗೆಯೊಂದರಲ್ಲಿ ಬರುತ್ತವೆ. ನಾನು ಕೊಂಡಾಗ ಬೆಲೆ ನಾಲ್ಕು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು. ಆನ್‌ಲೈನಿನಲ್ಲಿ ಹಲವು ಹೆಸರುಗಳಲ್ಲಿ ಮಾರಾಟವಾಗುವ ಪೆಟ್ಟಿಗೆಗಳು ಒಂದೇ ಅಚ್ಚಿನಿಂದ ಬಂದಂತೆ ಕಾಣುವುದರಿಂದ ಬ್ರಾಂಡಿನ ಹೆಸರನ್ನು ಹೇಳಿ ಪ್ರಯೋಜನವಿಲ್ಲ.

ನನ್ನ ಕಾರು ಇಪ್ಪತ್ತು ವರ್ಷ ದಾಟಿದ, ಎರಡೇ ಆಸನಗಳ ಯುರೋಪಿನ ಗಾಡಿ. ಎಂಜಿನ್ ಆಸನಗಳ ಹಿಂದಿದೆ, ರೇಡಿಯೇಟರುಗಳು ಮುಂದಿನ ಚಕ್ರಗಳ ಮುಂಭಾಗದಲ್ಲಿವೆ, ಎರಡನ್ನೂ ಜೋಡಿಸುವ ಪೈಪುಗಳು ಕಾರಿನ ಹೊಟ್ಟೆಯಡಿ ಉದ್ದಕ್ಕೂ ಹಾದುಹೋಗಿವೆ. ಬಿಸಿಗೆ ಹಿಗ್ಗುವ ಕೂಲೆಂಟಿಗೆ ಜಾಗ ಕೊಡುವ ಎಕ್ಸ್‌ಪಾನ್ಷನ್ ಟ್ಯಾಂಕಿನ ಮುಚ್ಚಳ ಹಿಂದಿನ ಡಿಕ್ಕಿಯಲ್ಲಿ ಸಿಗುತ್ತದೆ, ಆದರೆ ಟ್ಯಾಂಕಿನ ಹೆಚ್ಚಿನ ಭಾಗ ಡಿಕ್ಕಿಯ ಗೋಡೆಯ ಆಚೆ ಎಂಜಿನ್ನಿನ ಬಿಸಿಗೆ ಮುಖ ಮಾಡಿ ಕುಳಿತಿದೆ. ಮಾಮೂಲಿ ಹ್ಯಾಚ್‌ಬ್ಯಾಕಿನಲ್ಲಿ ಬಾನೆಟ್ ಎತ್ತಿ ಟಾರ್ಚ್ ಹಿಡಿದರೆ ಮುಗಿಯುವ ಕೆಲಸಕ್ಕೆ ಇಲ್ಲಿ ಕಾರನ್ನು ಎತ್ತಿ ನಿಲ್ಲಿಸಿ, ಅಡಿಯ ಪ್ಲಾಸ್ಟಿಕ್ ತಗಡುಗಳನ್ನೆಲ್ಲ ಬಿಚ್ಚಬೇಕು. ಕೂಲೆಂಟ್ ಮಟ್ಟ ನಿಧಾನವಾಗಿ ಇಳಿಯುತ್ತಿದ್ದು, ಪಾರ್ಕಿಂಗ್ ನೆಲದ ಮೇಲೆ ಒಂದು ಹನಿಯೂ ಕಾಣದಿದ್ದಾಗ ಎಲ್ಲಿಂದ ಬಿಚ್ಚಲು ಶುರು ಮಾಡಬೇಕೆಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಈ ಉಪಕರಣದ ನಿಜವಾದ ಉಪಯೋಗ ಅಲ್ಲಿದೆ.

ಕೂಲೆಂಟ್ ವ್ಯವಸ್ಥೆ ಒತ್ತಡದಲ್ಲಿ ಕೆಲಸ ಮಾಡುವುದಕ್ಕೆ ಕಾರಣ ಸರಳವಾದದ್ದು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ವಾತಾವರಣದ ಒತ್ತಡದ ಮೇಲೆ ಇನ್ನೊಂದು ಬಾರ್ (ಸುಮಾರು ವಾತಾವರಣದ ಒತ್ತಡದಷ್ಟೇ) ಸೇರಿದರೆ ಸುಮಾರು 120 ಡಿಗ್ರಿಯವರೆಗೆ ಕುದಿಯದೆ ಉಳಿಯುತ್ತದೆ. ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ನೀರು 98 ಡಿಗ್ರಿಗೇ ಕುದಿಯತೊಡಗುವುದರಿಂದ, ಪುಣೆ–ಸಾತಾರಾ ಹೆದ್ದಾರಿಯ ಖಂಬಾಟ್ಕಿ ಘಾಟಿನಲ್ಲಿ ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಏರುವಾಗ ಆ ಒತ್ತಡ ಉಳಿಯುವುದು ಅತ್ಯಗತ್ಯ. ಟೆಸ್ಟರು ಮಾಡುವುದಿಷ್ಟೇ: ಎಂಜಿನ್ ಬಿಸಿಯಾದಾಗ ತಾನಾಗಿ ಹುಟ್ಟುವ ಒತ್ತಡವನ್ನು ಎಂಜಿನ್ ತಣ್ಣಗಿರುವಾಗಲೇ ಪಂಪಿನಿಂದ ತುಂಬುತ್ತದೆ. ಕಾರಿನ ಮುಚ್ಚಳದ ಮೇಲೆ ಬರೆದಿರುವ ಒತ್ತಡವನ್ನು ಮೀರದಂತೆ ಪಂಪು ಹೊಡೆದು, ಹದಿನೈದು ನಿಮಿಷ ಮುಳ್ಳನ್ನು ಗಮನಿಸಬೇಕು.

ಮುಳ್ಳಿನ ಮಾತನ್ನು ನಂಬುವ ಮೊದಲು ಎರಡು ವಿಷಯಗಳನ್ನು ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಎಂಜಿನ್ ಇನ್ನೂ ಬೆಚ್ಚಗಿದ್ದರೆ ಅದು ಆರುತ್ತ ಹೋದಂತೆ ಒಳಗಿನ ಗಾಳಿ ಕುಗ್ಗಿ, ಎಲ್ಲಿಯೂ ಸೋರಿಕೆ ಇಲ್ಲದಿದ್ದರೂ ಮುಳ್ಳು ಇಳಿಯುತ್ತದೆ. ಆದ್ದರಿಂದ ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ನೆರಳಿನಲ್ಲಿ ಪರೀಕ್ಷಿಸಬೇಕು. ಎರಡನೆಯದಾಗಿ, ಟೆಸ್ಟರಿನ ಸ್ವಂತ ಜೋಡಣೆಗಳೇ ಸೋರುವುದುಂಟು. ನನ್ನ ಪೆಟ್ಟಿಗೆಯ ಅಡಾಪ್ಟರಿನಲ್ಲಿದ್ದ ರಬ್ಬರ್ ಉಂಗುರ ಮೊದಲ ಬೇಸಿಗೆಯಲ್ಲೇ ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಸಾಬೂನು ನೀರನ್ನು ಅಡಾಪ್ಟರಿನ ಸುತ್ತ ಹಚ್ಚಿದಾಗ ಸಾಸಿವೆ ಗಾತ್ರದ ಗುಳ್ಳೆಗಳು ಒಂದರ ಹಿಂದೊಂದು ಎದ್ದು ಒಡೆಯುತ್ತಿದ್ದವು. ಅದನ್ನು ನೋಡದೆ ಹೋಗಿದ್ದರೆ ಸರಿಯಾಗಿಯೇ ಇದ್ದ ವಾಟರ್ ಪಂಪನ್ನು ಯಾರಾದರೂ ಬಿಚ್ಚಿಬಿಡುತ್ತಿದ್ದರು.

ಟೆಸ್ಟರು ಸಲೀಸಾಗಿ ಹಿಡಿದುಕೊಟ್ಟ ಸೋರಿಕೆ ಮುಂದಿನ ಬಲಗಡೆಯ ರೇಡಿಯೇಟರಿನ ಪೈಪಿನದು. ಜನವರಿಯ ಚಳಿಯಲ್ಲಿ ರಬ್ಬರ್ ಕುಗ್ಗಿದಾಗ ಮಾತ್ರ ಸೋರಿ, ಕಾರು ಬಿಸಿಯಾದೊಡನೆ ಅದು ನಿಂತುಬಿಡುತ್ತಿತ್ತು. ಹಿಂದೆ ಯಾರೋ ಅಲ್ಲಿ ಸ್ಪ್ರಿಂಗ್ ಕ್ಲಾಂಪಿನ ಬದಲು ಸ್ಕ್ರೂ ಕ್ಲಾಂಪ್ ಹಾಕಿದ್ದರು. ಸ್ಪ್ರಿಂಗ್ ಕ್ಲಾಂಪು ರಬ್ಬರಿನ ಹಿಗ್ಗುವಿಕೆ ಕುಗ್ಗುವಿಕೆಗಳಿಗೆ ತಕ್ಕಂತೆ ತನ್ನ ಹಿಡಿತ ಕಾಯ್ದುಕೊಳ್ಳುತ್ತದೆ, ಸ್ಕ್ರೂ ಕ್ಲಾಂಪು ಬಿಗಿದ ಅಳತೆಯಲ್ಲೇ ನಿಲ್ಲುತ್ತದೆ. ಒತ್ತಡ ತುಂಬಿ ಕಾಯುತ್ತಿದ್ದಾಗ ಪೈಪಿನ ಅಂಚಿನಲ್ಲಿ ಗುಲಾಬಿ ಬಣ್ಣದ ಹನಿಯೊಂದು ದಪ್ಪಗಾಗುತ್ತ ಬಂದು ಕೆಳಗೆ ಬಿದ್ದಿತು. ಪುಣೆಯ ನಾನಾ ಪೇಟೆಯ ಬಿಡಿಭಾಗಗಳ ಅಂಗಡಿಯಲ್ಲಿ ಸರಿಯಾದ ಅಳತೆಯ ಸ್ಪ್ರಿಂಗ್ ಕ್ಲಾಂಪ್ ಸಿಕ್ಕಿ ಆ ತೊಂದರೆ ಅಲ್ಲಿಗೆ ಮುಗಿಯಿತು.

ಟ್ಯಾಂಕಿನ ಸೋರಿಕೆ ಅಷ್ಟು ಸುಲಭಕ್ಕೆ ಸಿಗಲಿಲ್ಲ. ಡಿಕ್ಕಿಯಿಂದ ಸಿಹಿಯಾದ ವಾಸನೆ ಬರುತ್ತಿತ್ತು, ಮಟ್ಟವೂ ಇಳಿಯುತ್ತಿತ್ತು, ಆದರೆ ತಣ್ಣನೆಯ ಎಂಜಿನ್ನಿನಲ್ಲಿ ಮುಳ್ಳು ಅರ್ಧ ಗಂಟೆಯಾದರೂ ಅಲುಗಾಡಲಿಲ್ಲ. ಪುಣೆ ಬಳಿಯ ಭೋಸರಿಯಲ್ಲಿ ಸ್ವಂತ ಗ್ಯಾರೇಜು ಇಟ್ಟುಕೊಂಡಿರುವ ವಿಜಯಪುರ ಕಡೆಯ ಮೆಕ್ಯಾನಿಕ್ ಗೇಜನ್ನು ನೋಡಿ, "ಸಾಹೇಬ್ರ, ಇದು ಥಂಡ ಇದ್ದಾಗ ಬಾಯಿ ಬಿಡೂದಿಲ್ರಿ, ಒಮ್ಮೆ ಕಾಯಿಸಿ ನೋಡೂಣ" ಎಂದರು. ಹಾಗೆಂದು ಬಿಸಿ ಎಂಜಿನ್ನಿನ ಮುಚ್ಚಳ ತೆಗೆದು ಟೆಸ್ಟರ್ ಹಾಕುವಂತಿಲ್ಲ, ಕುದಿಯುವ ದ್ರವ ಮುಖಕ್ಕೇ ಚಿಮ್ಮುತ್ತದೆ. ಅವರು ಕಾರಿನ ಮುಚ್ಚಳವನ್ನೇ ಬಿಗಿದು, ಫ್ಯಾನ್ ಓಡುವವರೆಗೂ ಎಂಜಿನ್ ನಡೆಸಿ, ಆಮೇಲೆ ನಿಲ್ಲಿಸಿ, ಉದ್ದ ಹಿಡಿಯ ಕನ್ನಡಿಯನ್ನು ಟ್ಯಾಂಕಿನ ಹಿಂಭಾಗಕ್ಕೆ ಇಳಿಸಿದರು. ಎರಡು ಅರ್ಧಗಳು ಬೆಸೆದಿರುವ ಗೆರೆಯುದ್ದಕ್ಕೂ ಕೂದಲೆಳೆಯಷ್ಟು ತೆಳುವಾದ ಸೀಳು, ಅದರ ಕೆಳಗೆ ಒಣಗಿದ ಕೂಲೆಂಟಿನ ಬಿಳಿಚಿದ ಹೊಟ್ಟು. ಸೋರಿದ್ದೆಲ್ಲ ಬಿಸಿ ಎಂಜಿನ್ನಿನ ಮೇಲೆ ಬಿದ್ದು ಆವಿಯಾಗುತ್ತಿದ್ದುದರಿಂದ ನೆಲದ ಮೇಲೆ ಏನೂ ಕಾಣುತ್ತಿರಲಿಲ್ಲ.

ಹಾಗಾದರೆ ಟೆಸ್ಟರಿನಿಂದ ಉಪಯೋಗವೇನಾಯಿತು ಎಂದು ಕೇಳಬಹುದು. ಪೈಪುಗಳು, ರೇಡಿಯೇಟರುಗಳು ಮತ್ತು ವಾಟರ್ ಪಂಪಿನ ಸೀಲು ತಣ್ಣಗಿದ್ದಾಗ ಪೂರ್ಣ ಒತ್ತಡ ತಡೆದಿದ್ದವು. ಆದ್ದರಿಂದ ಅನುಮಾನ ಉಳಿದದ್ದು ಬಿಸಿಗೆ ಹಿಗ್ಗಿ ತೆರೆದುಕೊಳ್ಳುವ ಹಳೆಯ ಪ್ಲಾಸ್ಟಿಕ್ಕಿನ ಮೇಲೆ, ಅಡಿಯ ತಗಡುಗಳನ್ನು ಬಿಚ್ಚುವ ಪ್ರಮೇಯವೇ ಬರಲಿಲ್ಲ. ಉಳಿದ ಆ ಕೂಲಿಯಷ್ಟರಲ್ಲೇ ಪೆಟ್ಟಿಗೆಯ ಬೆಲೆ ಹುಟ್ಟಿತೆಂದು ನನ್ನ ಲೆಕ್ಕ.

ಹೊಸ ಟ್ಯಾಂಕನ್ನು ಹೊರದೇಶದಿಂದ ತರಿಸಬೇಕಾಯಿತು. ಸೋರಿಕೆ ಮುಚ್ಚುವ ಪುಡಿಯನ್ನು ಹಾಕಿ ನೋಡಿ ಎಂದು ಹೇಳಿದವರಿದ್ದರು, ಆದರೆ ಸೀಳನ್ನು ಮುಚ್ಚುವ ಪುಡಿ ರೇಡಿಯೇಟರಿನ ಸಣ್ಣ ನಾಳಗಳನ್ನೂ ಮುಚ್ಚಬಲ್ಲದು. ತಿರುಗಿ ಕೂಲೆಂಟ್ ತುಂಬುವಾಗ ಕಂಪ್ರೆಸರಿನಿಂದ ನಡೆಯುವ ವ್ಯಾಕ್ಯೂಮ್ ಫಿಲ್ಲರ್ ಬೇಕಾಗುತ್ತದೆ, ಏಕೆಂದರೆ ಇಷ್ಟು ಉದ್ದದ ಪೈಪುಗಳಲ್ಲಿ ಗಾಳಿ ಸಿಕ್ಕಿಕೊಂಡರೆ ಎಂಜಿನ್ನಿನ ಒಂದು ಭಾಗ ಒಣಗಿಯೇ ಉಳಿಯುತ್ತದೆ. ಒಳಗಿನ ಗಾಳಿ ಹೊರಗೆಳೆದಾಗ ದಪ್ಪ ರಬ್ಬರ್ ಪೈಪುಗಳು ಚಪ್ಪಟೆಯಾಗುತ್ತವೆ, ಕೂಲೆಂಟಿನ ವಾಲ್ವ್ ತೆರೆದ ಕೂಡಲೇ ಮತ್ತೆ ಉಬ್ಬುತ್ತವೆ. ಆ ಕೆಲಸ ಈ ಪೆಟ್ಟಿಗೆಯಿಂದ ಆಗುವುದಿಲ್ಲ. ನೀರು ಬೆರೆಸದ ಕೂಲೆಂಟ್ (ಕಾನ್ಸನ್ಟ್ರೇಟ್) ಕೊಂಡಿದ್ದರೆ ಬೋರ್‌ವೆಲ್ ನೀರಿನ ಬದಲು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ನೀರನ್ನೇ ಸಮಪಾಲು ಬೆರೆಸಬೇಕು. ಹೊರತೆಗೆದ ಹಳೆಯ ಕೂಲೆಂಟನ್ನು ಸೊಸೈಟಿಯ ಪಾರ್ಕಿಂಗಿನಲ್ಲಿ ತೆರೆದ ಬೋಗುಣಿಯಲ್ಲಿ ಬಿಡಲೇಬಾರದು. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ನಾಯಿ ಬೆಕ್ಕುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಉಪಕರಣದ ಬಾಳಿಕೆಯ ಬಗ್ಗೆ ಹೇಳುವುದಾದರೆ, ಪಂಪು ಮತ್ತು ಗೇಜು ಚೆನ್ನಾಗಿವೆ. ಗೇಜನ್ನು ಮೆಕ್ಯಾನಿಕ್ಕಿನ ಗೇಜಿನ ಪಕ್ಕದಲ್ಲಿಟ್ಟು ಹೋಲಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮುಚ್ಚಳಗಳ ಮೇಲಿನ ಅಂಕಿಗಳು ಬೆವರಿಗೆ ಅಳಿಸಿಹೋಗಿವೆ, ಪೆಟ್ಟಿಗೆಯ ಬೀಗ ಮುರಿದಿದೆ. ಎಂಜಿನ್ನಿನ ಹೆಡ್ಡಿಗೂ ಬ್ಲಾಕಿಗೂ ನಡುವಿನ ಸೀಲಾದ ಹೆಡ್ ಗ್ಯಾಸ್ಕೆಟ್ ಸೀಳಿ ಕೂಲೆಂಟ್ ಎಂಜಿನ್ನಿನೊಳಗೇ ಉರಿದುಹೋಗುತ್ತಿದೆಯೇ ಎಂಬ ಅನುಮಾನಕ್ಕೆ ಈ ಗೇಜಿನಿಂದ ಖಚಿತ ಉತ್ತರ ಸಿಗುವುದಿಲ್ಲ, ಅದಕ್ಕೆ ಹೊಗೆಯ ಅನಿಲ ತಗುಲಿದರೆ ನೀಲಿಯಿಂದ ಹಳದಿಗೆ ತಿರುಗುವ ದ್ರಾವಣದ ಪರೀಕ್ಷೆಯೇ ಬೇಕು. ಒಂದೇ ಕಾರು ಇರುವವರು ಹೆಚ್ಚು ಮುಚ್ಚಳಗಳಿರುವ ದೊಡ್ಡ ಪೆಟ್ಟಿಗೆಗೆ ಹಣ ಸುರಿಯಬೇಕಿಲ್ಲ. ತಮ್ಮ ಟ್ಯಾಂಕಿನ ಬಾಯಿಗೆ ಹೊಂದುವ ಅಡಾಪ್ಟರ್ ಚಿಕ್ಕ ಪೆಟ್ಟಿಗೆಯಲ್ಲಿ ಇದೆಯೇ ಎಂದು ನೋಡಿಕೊಂಡು, ಅದರ ಜೊತೆಗೆ ಅದೇ ಅಳತೆಯ ನಾಲ್ಕಾರು ರಬ್ಬರ್ ಉಂಗುರಗಳನ್ನೂ ಕೊಂಡರೆ ಸಾಕಾಗುತ್ತದೆ.