ಗ್ಯಾಸ್ ಹೋಗೇತಿ ಅಂದವರು, ಉಪ್ಪು ಕೇಳಿದವರು: ಒಂದೇ ಫ್ರಿಜ್, ಮೂರು ರಿಪೇರಿ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಹಳೇ ಹುಬ್ಬಳ್ಳಿಯ ಅಂಗಡಿ ಮೆಕ್ಯಾನಿಕ್‌ಗೆ. ಕಂಪನಿ ಸರ್ವಿಸ್, ಮೊಬೈಲ್ ಆ್ಯಪ್‌ನಲ್ಲಿ ಬುಕ್ ಮಾಡಿ ಕರೆಸುವವರು, ಈ ಅಂಗಡಿಯವನು, ಮೂರೂ ಕಡೆಯವರು ಒಂದೇ ಫ್ರಿಜ್ಜನ್ನು ಒಂದೇ ತೊಂದರೆಗೆ ನೋಡಿ ಹೋಗಿದ್ದಾರೆ. ಹಾಗಾಗಿ ಈ ಹೋಲಿಕೆ.

ಫ್ರಿಜ್ ಡಬಲ್ ಡೋರ್, ಫ್ರಾಸ್ಟ್ ಫ್ರೀ (ಒಳಗೆ ಕಟ್ಟುವ ಐಸನ್ನು ತಾನೇ ಕರಗಿಸಿಕೊಳ್ಳುವಂಥದ್ದು), ವಾರಂಟಿ ಮುಗಿದು ಕಾಲವಾಗಿದೆ. ಮೇಲೆ ಫ್ರೀಜರ್‌ನಲ್ಲಿ ಐಸ್ ಗಟ್ಟಿಯಾಗೇ ಇತ್ತು, ಕೆಳಗೆ ಮಾತ್ರ ಹಾಲು ಒಡೀತಿತ್ತು, ಮೆಂತೆಸೊಪ್ಪು ಒಂದೇ ರಾತ್ರಿಗೆ ಬಾಡುತ್ತಿತ್ತು. ಅದೂ ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಲ್ಲಿ.

ಕಂಪನಿಯವರು ಹೇಳಿದ ಹೊತ್ತಿಗೆ ಬಂದರು. ಯೂನಿಫಾರ್ಮ್, ಐಡಿ ಕಾರ್ಡ್, ಶೂ ಹೊರಗೆ ಬಿಟ್ಟು ಒಳಗೆ. ಅದಕ್ಕೆಲ್ಲ ಪೂರ್ತಿ ಮಾರ್ಕ್ಸ್. ಆಮೇಲೆ ಹುಡುಗ ಕಂಪ್ರೆಸರ್ ಮೇಲೆ ಕೈ ಇಟ್ಟ, ಕೆಳಗಿನ ಕಪಾಟಿನಲ್ಲಿ ಕೈ ಆಡಿಸಿದ, ಎದ್ದು ನಿಂತ. "ಗ್ಯಾಸ್ ಹೋಗೇತ್ರಿ ಮೇಡಂ. ಕಂಪ್ರೆಸರ್ರೂ ವೀಕ್ ಅನಸ್ತೇತಿ." ಗ್ಯಾಸ್‌ಗೆ 3,200 ರೂಪಾಯಿ. ಕಂಪ್ರೆಸರ್‌ಗೆ 10 ವರ್ಷದ ವಾರಂಟಿ ಇದೆಯಲ್ಲ ಅಂದೆ. ಕಂಪ್ರೆಸರ್ ಫ್ರೀ, ಆದರೆ ಅದನ್ನು ಕೂಡಿಸುವ ಮಜೂರಿ, ಗ್ಯಾಸ್, ಫಿಲ್ಟರ್ ಎಲ್ಲಾ ಬೇರೆ ಅಂದ. ಒಟ್ಟು 6,000 ದಾಟಿತು.

ನನಗೆ ಸಿಟ್ಟು ಬಂದದ್ದು ರೇಟಿಗಲ್ಲ. ಅವನ ಚೀಲದಿಂದ ಒಂದು ಸ್ಕ್ರೂಡ್ರೈವರ್ ಕೂಡ ಹೊರಗೆ ಬರಲಿಲ್ಲ. ಇಂಥ ಫ್ರಿಜ್‌ನಲ್ಲಿ ತಂಪು ಹುಟ್ಟುವುದು ಒಂದೇ ಜಾಗದಲ್ಲಿ, ಫ್ರೀಜರ್‌ನ ಹಿಂದಿನ ಪ್ಯಾನೆಲ್ ಒಳಗಿರುವ ಕಾಯಿಲ್‌ನಲ್ಲಿ. ಅಲ್ಲಿಂದ ಫ್ಯಾನ್ ಗಾಳಿಯನ್ನು ಕೆಳಗೆ ತಳ್ಳುತ್ತದೆ. ಗ್ಯಾಸ್ ಹೋಗಿದ್ದರೆ ಫ್ರೀಜರ್ ಕೂಡ ಸೋಲಬೇಕು. ಮೇಲೆ ಐಸ್ ಗಟ್ಟಿ, ಕೆಳಗೆ ಬಿಸಿ ಅಂದರೆ ತಂಪು ಹುಟ್ಟುತ್ತಿದೆ, ಇಳಿಯುತ್ತಿಲ್ಲ ಅಂತ ಅರ್ಥ. ಹೆಚ್ಚಿನ ಸಲ ಕಾಯಿಲ್ ಸುತ್ತ ಐಸ್ ಕಟ್ಟಿ ಗಾಳಿಯ ದಾರಿ ಮುಚ್ಚಿರುತ್ತದೆ, ಇಲ್ಲಾ ಫ್ಯಾನೇ ನಿಂತಿರುತ್ತದೆ. ಪ್ಯಾನೆಲ್ ಬಿಚ್ಚದೆ ಇದು ಯಾರಿಗೂ ತಿಳಿಯುವುದಿಲ್ಲ.

ಇನ್ನೊಂದು. ಗ್ಯಾಸ್ ಅನ್ನೋದು ಪೆಟ್ರೋಲ್ ಥರ ಓಡಿಸಿದಷ್ಟು ಖರ್ಚಾಗುವ ವಸ್ತುವಲ್ಲ. ಬೆಸುಗೆ ಹಾಕಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಹೋಗಿದೆ ಅಂದರೆ ಎಲ್ಲೋ ಲೀಕ್ ಇರಲೇಬೇಕು. "ಲೀಕ್ ಎಲ್ಲೈತಿ?" ಅಂತ ಕೇಳಿದೆ. "ಹಳೇದಾದ ಮ್ಯಾಲೆ ಕಡಿಮಿ ಆಕ್ಕೋತ ಹೋಗ್ತದ್ರಿ" ಅಂದ. ವಿಸಿಟ್ ಚಾರ್ಜ್ ಕೊಟ್ಟು ಕಳಿಸಿದೆ.

ಆ ರಾತ್ರಿ ಫ್ರಿಜ್ ಬಂದ್ ಮಾಡಿ, ಎರಡೂ ಬಾಗಿಲು ತೆರೆದು, ಕೆಳಗೆ ಹಳೇ ಚಾದರ ಹಾಸಿ ಮರುದಿನ ಸಂಜೆವರೆಗೆ ಬಿಟ್ಟೆ. ಒಳಗಿನ ಐಸೆಲ್ಲ ಕರಗಿತು. ಚಾಲೂ ಮಾಡಿದರೆ ಕೆಳಗೂ ಹೊಸ ಫ್ರಿಜ್ಜಿನ ತಂಪು! ಗ್ಯಾಸೇ ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಮತ್ತೆ ಹಾಲು ಒಡೆಯಿತು. ಖರ್ಚಿಲ್ಲದ ಪರೀಕ್ಷೆ ಇದು, ಯಾರನ್ನೇ ಕರೆಯುವ ಮೊದಲು ಮಾಡಿ ನೋಡಿ.

ಆ್ಯಪ್‌ನವರ ಬಗ್ಗೆ ಹೆಚ್ಚು ಬರೆಯಲಿಕ್ಕೆ ಇಲ್ಲ. ರೇಟ್ ಮೊದಲೇ ಕಾಣುತ್ತದೆ, ಅದು ಒಳ್ಳೇದು. ಬಂದವನು ಪ್ಯಾನೆಲ್ ಬಿಚ್ಚಿದ, ಐಸ್ ಗಡ್ಡೆ ತೋರಿಸಿದ, ಬಿಸಿನೀರು ಹಾಕಿ ಕರಗಿಸಿದ, ಫೋಟೋ ತೆಗೆದ, ಐದು ಸ್ಟಾರ್ ಕೇಳಿದ. ಐಸ್ ಯಾಕೆ ಕಟ್ಟಿತು ಅಂತ ನೋಡಲಿಲ್ಲ. ಹೋಗುವಾಗ ಸ್ಟೆಬಿಲೈಜರ್ ತಗೊಳ್ಳಿ ಅಂತ ಬೇರೆ ಸಲಹೆ. ನಾನು ರಾತ್ರಿ ಬಾಗಿಲು ತೆರೆದಿಟ್ಟು ಮಾಡಿದ ಕೆಲಸಕ್ಕೇ 600 ರೂಪಾಯಿ ಕೊಟ್ಟ ಹಾಗಾಯಿತು.

ಕೆಳಗೆ ಮತ್ತೆ ಅದೇ ತೊಂದರೆ. ಅಂಗಡಿಯವನಿಗೆ ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆಯೇ "ಮ್ಯಾಲೆ ಐಸ್ ಆಗ್ತೇತೋ ಇಲ್ಲೋ?" ಅಲ್ಲಿಗೇ ನನಗೆ ಅರ್ಧ ಸಮಾಧಾನ. ಬರುವುದು ಮಾತ್ರ ಅವನ ಲಹರಿಯ ಮೇಲೆ. "ಈಗ ಬಂದ್ನಿರೀ" ಅಂದವನು ಮುಂಜಾನೆಯ ಬದಲು ದೀಪ ಹಚ್ಚುವ ಹೊತ್ತಿಗೆ ಬಂದ.

ಪ್ಯಾನೆಲ್ ಬಿಚ್ಚಿ ಕಾಯಿಲ್ ಪೂರ್ತಿ ನೋಡಿದ. "ಮೂಲಿಂದ ಮೂಲಿಗೆ ಐಸ್ ಕುಂತೇತಿ. ಗ್ಯಾಸ್ ಕಡಿಮಿ ಇದ್ರ ಅರ್ಧಕ್ಕಷ್ಟ ಕುಂದರ್ತಿತ್ತು." ಕೆಳಗಿನ ಟೈಮರ್‌ನ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ತಿರುಗಿಸಿದ. ಟಕ್ ಅಂತು, ಕಂಪ್ರೆಸರ್ ನಿಂತಿತು. ಟೈಮರ್‌ನ ಸ್ವಿಚ್ ಸರಿ ಇದೆ. ದಿನಕ್ಕೆ ಎರಡು-ಮೂರು ಸಲ ಕಂಪ್ರೆಸರ್ ನಿಲ್ಲಿಸಿ, ಹೀಟರ್ ಹಚ್ಚಿ ಐಸ್ ಕರಗಿಸುವುದು ಇದರ ಕೆಲಸ. ಹೀಟರ್‌ಗೆ ಮಲ್ಟಿಮೀಟರ್ ಹಿಡಿದ, ಮೀಟರ್ ಮೇಲೆ ಅಂಕಿ ಬಂತು, ಅಂದರೆ ಒಳಗಿನ ತಂತಿ ಕಡಿದಿಲ್ಲ. ಜೊತೆಗಿದ್ದ ಫ್ಯೂಸ್‌ಗೆ ಹಿಡಿದ, ಸರಿ ಇದ್ದರೆ ಬೀಪ್ ಬರಬೇಕು, ಸದ್ದಿಲ್ಲ. ಫ್ಯೂಸ್ ಸುಟ್ಟಿತ್ತು.

ನಾನು ಕೆಲಸ ಮುಗೀತು ಅಂದುಕೊಂಡೆ. ಅವನು "ಅಕ್ಕಾರ, ಹರಳುಪ್ಪು ಐತೇನ್ರಿ?" ಅಂದ. ಬಟ್ಟಲಿಗೆ ಐಸ್ ಚೂರು, ಮೇಲೊಂದು ಹಿಡಿ ಉಪ್ಪು ಹಾಕಿ, ಕಾಯಿಲ್‌ಗೆ ಸಿಕ್ಕಿಸಿದ್ದ ಬೈಮೆಟಲ್ ಎಂಬ ಪುಟ್ಟ ಬಿಲ್ಲೆಯನ್ನು ಅದರಲ್ಲಿ ಹುದುಗಿಸಿದ. ಬರೀ ಐಸ್ ಸೊನ್ನೆ ಡಿಗ್ರಿ, ಉಪ್ಪು ಬೆರೆತರೆ ಸೊನ್ನೆಗಿಂತ ಎಷ್ಟೋ ಕೆಳಗೆ. ಆ ಚಳಿಗೆ ಬೈಮೆಟಲ್ ಒಳಗಿನ ಸ್ವಿಚ್ ಕೂಡಬೇಕು, ಬಿಸಿಯಾದರೆ ಬಿಟ್ಟು ಹೀಟರ್ ನಿಲ್ಲಿಸಬೇಕು. ಐಸ್‌ನಲ್ಲಿ ಬೀಪ್ ಬಂತು. ತೆಗೆದು ಅಂಗೈಯಲ್ಲಿ ಮುಚ್ಚಿ ಹಿಡಿದ. ಬೀಪ್ ನಿಲ್ಲಲೇ ಇಲ್ಲ. "ನೋಡ್ರಿ, ಅಂಟಿಕೊಂಡ್ ಬಿಟ್ಟೇತಿ. ಹೀಟರ್ ಬಂದ್ ಆಗಲಿಲ್ಲ, ಫ್ಯೂಸ್ ಸುಟ್ಟು ಜೀವಾ ಉಳಿಸೇತಿ." ಬರೀ ಫ್ಯೂಸ್ ಹಾಕಿದ್ದರೆ ಮತ್ತೆ ಸುಡುತ್ತಿತ್ತು. ಕೆಲವರು ಫ್ಯೂಸನ್ನೇ ಕಿತ್ತು ವೈರ್ ಡೈರೆಕ್ಟ್ ಮಾಡುತ್ತಾರಂತೆ. ಯಾರಾದರೂ ಹಾಗೆ ಮಾಡಲು ಹೊರಟರೆ ಅಲ್ಲೇ ನಿಲ್ಲಿಸಿ, ಒಳಗೆಲ್ಲ ಪ್ಲಾಸ್ಟಿಕ್ ಇದೆ.

ಬೈಮೆಟಲ್, ಫ್ಯೂಸ್ ಸೆಟ್, ಮಜೂರಿ ಸೇರಿ 950 ರೂಪಾಯಿ. ಹಳೇ ಸಾಮಾನು ಕೈಗೆ ಕೊಟ್ಟ. ಬಿಲ್ ಕೇಳಿದರೆ ನಕ್ಕ. ಗ್ಯಾರಂಟಿ ಅಂದರೆ ಅವನ ಮಾತು, ಅಷ್ಟೇ. ಮಳೆಗಾಲ ದಾಟಿದೆ, ಫ್ರಿಜ್ ಸುಮ್ಮನೆ ತನ್ನ ಕೆಲಸ ಮಾಡುತ್ತಿದೆ.

ಬಿಲ್ ಬೇಕೇ ಬೇಕು, ಹೇಳಿದ ಟೈಮಿಗೆ ಬರಬೇಕು ಅನ್ನುವವರಿಗೆ ಈ ಮನುಷ್ಯ ಆಗಿಬರುವುದಿಲ್ಲ. ನಾನು ಮನೆಯಲ್ಲೇ ಇರುವವಳು, ಕಾಯುವುದು ಕಷ್ಟವಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿಗೆ ಫ್ರಿಜ್ ಬೇಕಿಲ್ಲ, ಹಾಲು-ಮೊಸರು ಎರಡು ದಿನ ಪಕ್ಕದ ಮನೆಯಲ್ಲಿಟ್ಟರೆ ನಡೆಯುತ್ತದೆ. ಧಾರವಾಡ ಸಪ್ತಾಪುರದ ನಮ್ಮ ಅತ್ತಿಗೆಯ ಫ್ರಿಜ್ ಕೊಂಡು ಇನ್ನೂ ವರ್ಷವಾಗಿಲ್ಲ. ಅವಳಿಗೆ ಕಂಪನಿಗೇ ಫೋನ್ ಮಾಡು ಅಂದಿದ್ದೀನಿ, ಹೊರಗಿನವರು ಕೈ ಹಾಕಿದರೆ ವಾರಂಟಿಗೆ ತಕರಾರು ಬರುತ್ತದೆ. ಹಾಗೇ ಹಿಂದಿನ ಸ್ಟಿಕರ್ ಮೇಲೆ ಆರ್‌600ಎ ಅಂತ ಇದ್ದು ನಿಜವಾಗಿಯೂ ಲೀಕ್ ಆಗಿದ್ದರೆ, ಅದು ಬೆಂಕಿ ಹತ್ತುವ ಗ್ಯಾಸ್. ಆ ಕೆಲಸವನ್ನು ನಮ್ಮ ಮೆಕ್ಯಾನಿಕ್ ಅಡುಗೆಮನೆಯಲ್ಲಿ ಮಾಡುವುದಿಲ್ಲ, ಫ್ರಿಜ್ಜನ್ನೇ ಅಂಗಡಿಗೆ ತರಿಸುತ್ತಾನೆ. ಟಂಟಂ ಗಾಡಿ ಬಾಡಿಗೆ ನಮ್ಮದು.